ಸ್ವ್ಯಾಪ್ ಎರಡರಷ್ಟೇ ಯಾಕೆ?

ಲಿನಕ್ಸ್ ಹಾಕ್ಕೊಳ್ಳುವಾಗ ಸ್ವ್ಯಾಪ್ ಎಷ್ಟಿಡಲಿ ಅಂತ ಕೇಳಿ ನೋಡಿ, 'ರ‍್ಯಾಮಿನ ಎರಡರಷ್ಟು' ಅನ್ನೋರು ಇವತ್ತಿಗೂ ಸಿಗ್ತಾರೆ.

ರ‍್ಯಾಮ್ ಸಾಲದಾದಾಗ ಪುಟಗಳನ್ನು ಬೇರೆಡೆ ಸಾಗಿಸುವ ಉಪಾಯ 1962ರ ಮ್ಯಾಂಚೆಸ್ಟರಿನ ಅಟ್ಲಾಸ್ ಕಂಪ್ಯೂಟರಿನಷ್ಟು ಹಳೆಯದು. ಈ ಎರಡರ ಲೆಕ್ಕವೂ ಹಳೆಯದೇ. ಆದರೆ ಅದು ನಿಜಕ್ಕೂ ಕಡ್ಡಾಯದಂತಾಗಿದ್ದು ಜನವರಿ 2001ರಲ್ಲಿ ಬಂದ ಲಿನಕ್ಸ್ 2.4ರಲ್ಲಿ. ಸ್ವ್ಯಾಪಿಗೆ ಹೋದ ಪುಟ ರ‍್ಯಾಮಿಗೆ ವಾಪಸಾದರೂ ಅಲ್ಲಿನ ಜಾಗ ಬಿಡ್ತಿರಲಿಲ್ಲ, ಊರಿಗೆ ಹೋದಮೇಲೂ ಬೀಗದ ಕೈ ಕೊಡದ ಬಾಡಿಗೆದಾರನ ಹಾಗೆ! ರ‍್ಯಾಮಿನಷ್ಟೇ ಸ್ವ್ಯಾಪ್ ಇಟ್ಟವರಿಗೆ ಲಾಭ ಹೆಚ್ಚುಕಡಿಮೆ ಸೊನ್ನೆ.

ಅದೇ ವರ್ಷ ಸೆಪ್ಟೆಂಬರಿನಲ್ಲಿ, 2.4.10ರಲ್ಲಿ, ಆಂಡ್ರಿಯಾ ಆರ್ಕಾಂಜೆಲಿ ಬರೆದ ಹೊಸ ಮೆಮೊರಿ ವ್ಯವಸ್ಥೆ ಬಂದು ಆ ಕಟ್ಟು ಸಡಿಲಾಯ್ತು. ಲೆಕ್ಕ ಮಾತ್ರ ಬಾಯಿಂದ ಬಾಯಿಗೆ ಉಳೀತು.

16 ಜಿಬಿ ರ‍್ಯಾಮಿಗೆ 32 ಜಿಬಿ ಸ್ವ್ಯಾಪಾ? ಮನೆ ಕೆಲಸಕ್ಕೆ ನನ್ನ ಪ್ರಕಾರ 4 ಜಿಬಿ ಧಾರಾಳ. ಹೈಬರ್ನೇಟ್ ಮಾಡುವವರು ಮಾತ್ರ ರ‍್ಯಾಮಿಗಿಂತ ತುಸು ಹೆಚ್ಚೇ ಇಟ್ಕೊಳ್ಳಿ.