ಹಿತ್ತಾಳೆ ವಾದ್ಯಗಳ ಹೊಳಪನ್ನು ಕೈಬೆವರಿನಿಂದ ರಕ್ಷಿಸುವ ಕ್ರಮಗಳು

(ನಂಜನಗೂಡು ಮತ್ತು ತಿ. ನರಸೀಪುರ ತಾಲ್ಲೂಕುಗಳ ವಾದಕರು, ಕಲಾತಂಡಗಳು ಹಾಗೂ ಅರ್ಜಿದಾರರ ಮಾಹಿತಿಗಾಗಿ)

1. ಪೀಠಿಕೆ

ದೇವರ ಉತ್ಸವ, ಮದುವೆಯ ದಿಬ್ಬಣ ಹಾಗೂ ಊರ ಮೆರವಣಿಗೆಗಳಲ್ಲಿ ಕೊಂಬು, ಕಹಳೆ ಮತ್ತು ಬ್ಯಾಂಡ್‌ಸೆಟ್‌ನ ಟ್ರಂಪೆಟ್, ಯುಫೋನಿಯಂ ಮುಂತಾದ ಹಿತ್ತಾಳೆ ವಾದ್ಯಗಳು ಬಳಕೆಯಲ್ಲಿವೆ. ನಂಜನಗೂಡಿನ ಶ್ರೀಕಂಠೇಶ್ವರಸ್ವಾಮಿಯವರ ಗೌತಮ ಪಂಚಮಹಾರಥೋತ್ಸವ ಬರುವುದೂ, ಮದುವೆಗಳು ಹೆಚ್ಚಾಗಿ ನಡೆಯುವುದೂ ಬೇಸಿಗೆಯಲ್ಲಿಯೇ. ಬಿಸಿಲಿನಲ್ಲಿ ಗಂಟೆಗಟ್ಟಲೆ ವಾದ್ಯ ಹಿಡಿದು ನಡೆಯುವ ವಾದಕರ ಕೈಬೆವರು ಅದರ ಹೊಳಪನ್ನಷ್ಟೇ ಅಲ್ಲದೆ, ಕ್ರಮೇಣ ಲೋಹವನ್ನೂ ಹಾಳುಮಾಡುತ್ತದೆ. ಇದನ್ನು ತಡೆಯುವ ಸುಲಭ ಕ್ರಮಗಳನ್ನು ಈ ಕೆಳಗೆ ವಿವರಿಸಲಾಗಿದೆ.

2. ಸವಕಳಿಯ ಕಾರಣ

ಹಿತ್ತಾಳೆಯು ತಾಮ್ರ ಮತ್ತು ಸತುವಿನ ಮಿಶ್ರಲೋಹ. ಟ್ರಂಪೆಟ್‌ಗಳಿಗೆ ಸಾಮಾನ್ಯವಾಗಿ ಬಳಸುವ ಹಳದಿ ಹಿತ್ತಾಳೆಯಲ್ಲಿ ಸುಮಾರು 70 ಭಾಗ ತಾಮ್ರ, 30 ಭಾಗ ಸತು ಇರುತ್ತದೆ. ಬೆವರಿನಲ್ಲಿ ಉಪ್ಪು ಮತ್ತು ಆಮ್ಲದ ಅಂಶಗಳಿದ್ದು, ಅವು ಮೇಲ್ಪದರವನ್ನು ದಾಟಿ ಲೋಹವನ್ನು ತಲುಪಿದಾಗ ಮೊದಲು ಸತುವನ್ನು ಕರಗಿಸುತ್ತವೆ. ಉಳಿದ ತಾಮ್ರವು ನಸುಗೆಂಪು ಕಲೆಯಾಗಿ ಕಾಣುತ್ತದೆ. ಇಂತಹ ಜಾಗ ಟೊಳ್ಳಾಗಿ ತೂತು ಬಿದ್ದಲ್ಲಿ ಗಾಳಿ ಸೋರಿ ಸ್ವರ ಕೆಡುತ್ತದೆ. ಟ್ರಂಪೆಟ್‌ನಲ್ಲಿ ಎಡಗೈ ಹಿಡಿಯುವ ಕೊಳವೆಗಳ ಸುತ್ತಲಿನ ಭಾಗ, ಯುಫೋನಿಯಂನಲ್ಲಿ ತೋಳಿಗೆ ಒರಗುವ ಭಾಗ ಹಾಗೂ ಕಹಳೆಯಲ್ಲಿ ಹಿಡಿಯುವ ಜಾಗ ಮೊದಲು ಸವೆಯುತ್ತವೆ.

3. ಮೇಲ್ಪದರವನ್ನು ಗುರುತಿಸುವುದು

ಯಾವುದೇ ಉಪಚಾರಕ್ಕೆ ಮುನ್ನ ವಾದ್ಯದ ಮೇಲ್ಪದರ ಯಾವುದೆಂದು ತಿಳಿಯುವುದು ಅವಶ್ಯಕ. ಕಣ್ಣಿಗೆ ಬೀಳದ ಮೂಲೆಯಲ್ಲಿ ಚೂರು ಹಿತ್ತಾಳೆ ಪಾಲಿಶ್ ಹಚ್ಚಿ ಬಟ್ಟೆಯಿಂದ ಮೆಲ್ಲಗೆ ಒರೆಸಿದಾಗ,

(ಅ) ಹಳದಿ ವಾದ್ಯದಲ್ಲಿ ಬಟ್ಟೆ ಕಪ್ಪಾದರೆ ಅದು ಬರಿ ಹಿತ್ತಾಳೆ.
(ಆ) ಹಳದಿ ವಾದ್ಯದಲ್ಲಿ ಬಟ್ಟೆ ಕಪ್ಪಾಗದಿದ್ದರೆ ಅದರ ಮೇಲೆ ಪಾರದರ್ಶಕ ಲ್ಯಾಕರ್ ಪದರವಿದೆ.

ಬಿಳಿ ಹೊಳಪಿನ ವಾದ್ಯಗಳಿಗೆ ಬೆಳ್ಳಿ ಅಥವಾ ನಿಕಲ್ ಲೇಪನವಿರುತ್ತದೆ. ಇವುಗಳ ಮೇಲೆ ಈ ಪರೀಕ್ಷೆ ಮಾಡಬಾರದು.

4. ಹುಣಸೆಹಣ್ಣಿನ ಬಳಕೆ ಬೇಡ

ಪೂಜಾಪಾತ್ರೆಗಳನ್ನು ಹುಣಸೆಹಣ್ಣು, ನಿಂಬೆಹಣ್ಣು ಅಥವಾ ಬೂದಿಯಿಂದ ಬೆಳಗುವ ರೂಢಿ ನಮ್ಮ ಮನೆಗಳಲ್ಲಿದೆ. ಹಬ್ಬದ ಮುನ್ನಾದಿನ ವಾದ್ಯವನ್ನೂ ಹಾಗೆಯೇ ಬೆಳಗುವುದು ಸರಿಯಲ್ಲ. ಪಾತ್ರೆಯ ದಪ್ಪ ವಾದ್ಯದ ತಗಡಿಗಿಲ್ಲ. ಬೂದಿಯಿಂದ ಉಜ್ಜಿದಾಗ ಲ್ಯಾಕರ್ ಪದರದಲ್ಲಿ ಗೀರು ಬಿದ್ದು, ಆ ಗೀರುಗಳಲ್ಲಿ ಬೆವರು ಇಳಿಯುತ್ತದೆ. ಬರಿ ಹಿತ್ತಾಳೆಯಲ್ಲಿಯೂ ಪ್ರತಿ ಬಾರಿ ಬೆಳಗಿದಾಗ ಲೋಹದ ತೆಳುಪದರವೊಂದು ಹೋಗುತ್ತದೆ. ಆದ್ದರಿಂದ ಬರಿ ಹಿತ್ತಾಳೆಗೆ ಪಾಲಿಶನ್ನು ಅಪರೂಪಕ್ಕೆ ಮಾತ್ರ ಬಳಸತಕ್ಕದ್ದು. ಲ್ಯಾಕರ್ ಇರುವ ವಾದ್ಯಕ್ಕೆ ಬಳಸಲೇಬಾರದು.

5. ವಾದಕರು ಅನುಸರಿಸಬೇಕಾದ ಕ್ರಮಗಳು

(1) ವಾದ್ಯ ಹಿಡಿಯುವ ಮುನ್ನ ಕೈತೊಳೆದು ಒರೆಸಿಕೊಳ್ಳುವುದು. ಎಣ್ಣೆ, ಕುಂಕುಮ, ವಿಭೂತಿ ಅಂಟಿದ ಕೈಯಲ್ಲಿ ಹಿಡಿಯಬಾರದು. ಉಂಗುರ, ಕಡಗ ತೆಗೆದಿಡುವುದು.
(2) ನುಡಿಸಿದ ಕೂಡಲೇ, ಊಟಕ್ಕೆ ಕೂರುವ ಮೊದಲೇ, ಮೆತ್ತನೆಯ ಹತ್ತಿ ಬಟ್ಟೆಯಿಂದ ಒರೆಸುವುದು. ತೊಳೆದ ಹಳೆಯ ಪಂಚೆಯ ತುಂಡು ಸಾಕು. ಬೆವರು ಒಣಗಿದ್ದರೆ ಮೊದಲು ಒದ್ದೆ ಬಟ್ಟೆ, ನಂತರ ಒಣ ಬಟ್ಟೆ ಬಳಸುವುದು. ಒಣಗಿದ ಉಪ್ಪನ್ನು ಹಾಗೆಯೇ ಉಜ್ಜಿದರೆ ಗೀರು ಬೀಳುತ್ತದೆ.
(3) ಹಿಡಿಯುವ ಜಾಗಕ್ಕೆ ಚರ್ಮದ ಅಥವಾ ಬಟ್ಟೆಯ ಕವಚ ಹಾಕಬಹುದು. ಆದರೆ ಕವಚದ ಒಳಗೆ ಬೆವರು ಉಳಿಯುವುದರಿಂದ ಪ್ರತಿ ಬಾರಿ ಅದನ್ನು ಬಿಚ್ಚಿ ಒರೆಸತಕ್ಕದ್ದು. ಬಿಚ್ಚದೆ ಬಿಟ್ಟ ಕವಚವು ಕವಚವಿಲ್ಲದಿರುವುದಕ್ಕಿಂತ ಹೆಚ್ಚು ಹಾನಿಕರ.
(4) ಮೆರವಣಿಗೆಯಲ್ಲಿ ಹತ್ತಿಯ ಕೈಗವಸು ಧರಿಸುವುದು ಒಳ್ಳೆಯದು. ಒದ್ದೆಯಾದರೆ ಬದಲಿಸಬೇಕು.
(5) ವಾದ್ಯವನ್ನು ಪೆಟ್ಟಿಗೆಯಲ್ಲಿ ಒಣಗಿದ ನಂತರವೇ ಇಡುವುದು. ಬೆಳ್ಳಿ ಲೇಪನದ ವಾದ್ಯದ ಜೊತೆ ರಬ್ಬರ್ ಬ್ಯಾಂಡ್ ಇಡಬಾರದು. ಅದರಲ್ಲಿನ ಗಂಧಕದಿಂದ ಬೆಳ್ಳಿ ಕಪ್ಪಾಗುತ್ತದೆ.

6. ಮೇಲ್ಪದರ ಈಗಾಗಲೇ ಸವೆದಿದ್ದಲ್ಲಿ

ಅಂಗೈಯಗಲದ ಸವಕಳಿಗೆ ಇಡೀ ವಾದ್ಯಕ್ಕೆ ಹೊಸ ಲ್ಯಾಕರ್ ಹಾಕಿಸುವ ಅಗತ್ಯವಿಲ್ಲ. ಹಾಗೆ ಮಾಡಲು ಹಳೆಯ ಪದರವನ್ನು ತೆಗೆದು ಲೋಹವನ್ನು ಉಜ್ಜಬೇಕಾಗುವುದರಿಂದ ತಗಡು ಮತ್ತಷ್ಟು ತೆಳುವಾಗುತ್ತದೆ. ಸವೆದ ಜಾಗವನ್ನು ಒರೆಸಿ ಒಣಗಿಸಿ ತೆಳುವಾಗಿ ಮೇಣ ಹಚ್ಚಿದರೆ ಸಾಕು. ಕೆಂಪು ಕಲೆಯ ನಡುವೆ ಸಣ್ಣ ಗುಳಿ ಕಂಡುಬಂದಲ್ಲಿ ಮಾತ್ರ ತಡಮಾಡದೆ ನುರಿತ ದುರಸ್ತಿಗಾರರಿಗೆ ತೋರಿಸುವುದು.

7. ಕಂಸಾಳೆ ಕಲಾವಿದರಿಗೆ

ಮಲೆ ಮಹದೇಶ್ವರರ ಗುಡ್ಡರು ನುಡಿಸುವ ಕಂಸಾಳೆಗೂ ಒರೆಸಿ ಒಣಗಿಸುವ ಕ್ರಮ ಅನ್ವಯಿಸುತ್ತದೆ. ಅಂಗೈಯಲ್ಲಿ ಹಿಡಿಯುವ ಬಟ್ಟಲಿನ ಹೊರಮೈ ಹಾಗೂ ದಾರ ಪೋಣಿಸಿದ ರಂಧ್ರದ ಸುತ್ತ ಬೆವರು ನಿಲ್ಲುವುದರಿಂದ ಆ ಜಾಗಗಳನ್ನು ವಿಶೇಷವಾಗಿ ಗಮನಿಸತಕ್ಕದ್ದು. ಒದ್ದೆಯಾದ ದಾರವನ್ನು ಬಿಚ್ಚಿ ಒಣಗಿಸುವುದು.

8. ಕಲಾತಂಡಗಳ ಗಮನಕ್ಕೆ

ವಾದ್ಯವು ತಂಡದ ಆಸ್ತಿ. ಆಸ್ತಿಗೆ ಸವಕಳಿ ಇದ್ದದ್ದೇ. ಅದರ ವೇಗ ಮಾತ್ರ ಬಳಸುವವರ ಕೈಯಲ್ಲಿದೆ. ಪ್ರತಿ ತಂಡವು ದಾಸ್ತಾನು ವಹಿಯೊಂದನ್ನಿಟ್ಟು, ವಾದ್ಯದ ಹೆಸರು, ಖರೀದಿಯ ದಿನಾಂಕ, ಮೇಲ್ಪದರದ ವಿಧ, ದುರಸ್ತಿಯ ವಿವರ ಹಾಗೂ ಸದರಿ ವಾದ್ಯ ಯಾರ ವಶದಲ್ಲಿದೆ ಎಂಬುದನ್ನು ನಮೂದಿಸುವುದು ಸೂಕ್ತ. ಖರೀದಿ ರಸೀದಿಯನ್ನು ಇದರೊಂದಿಗೆ ಇರಿಸಿಕೊಳ್ಳುವುದು. ವಾದ್ಯಪರಿಕರಗಳ ಧನಸಹಾಯಕ್ಕೆ ಅರ್ಜಿ ಸಲ್ಲಿಸಬಯಸುವವರು ಆಯಾ ಸಾಲಿನ ಪ್ರಕಟಣೆಯ ನಿಬಂಧನೆಗಳನ್ನು ಓದಿಕೊಂಡೇ ಅರ್ಜಿ ಸಲ್ಲಿಸತಕ್ಕದ್ದು.

ಹೊಸ ವಾದ್ಯ ಕೊಳ್ಳುವುದು ಎಲ್ಲರಿಗೂ ಸಾಧ್ಯವಾಗದು. ನುಡಿಸಿದ ಮೇಲೆ ಎರಡು ನಿಮಿಷ ಒರೆಸುವುದು ಎಲ್ಲರಿಗೂ ಸಾಧ್ಯ. ವಾದಕರು ಈ ಕ್ರಮವನ್ನು ತಪ್ಪದೇ ಪಾಲಿಸಿ, ತಮ್ಮ ಜೀವನೋಪಾಯದ ಸಾಧನವನ್ನು ಮುಂದಿನ ತಲೆಮಾರಿಗೂ ಉಳಿಸಿಕೊಳ್ಳಬೇಕೆಂದು ಕೋರಲಾಗಿದೆ.