ಡಿಜಿಟಲ್ ಫ್ರೀಕ್ವೆನ್ಸಿ ಸಿಂಥಸೈಜರ್: ಬೇಡದ ಸ್ವರಗಳ ನಿಗ್ರಹ

ಡಿಜಿಟಲ್ ಫ್ರೀಕ್ವೆನ್ಸಿ ಸಿಂಥಸೈಜರ್ ಎಂದರೆ ಲೆಕ್ಕ ಮಾಡಿ ಅಲೆ ಹುಟ್ಟಿಸುವ ಸರ್ಕ್ಯೂಟು. ಕ್ಲಾಕ್ ಮಿಡಿದಾಗಲೆಲ್ಲ ಫೇಸ್ ಅಕ್ಯುಮ್ಯುಲೇಟರ್ ನಿಗದಿಯಾದ ಒಂದು ಸಂಖ್ಯೆಯನ್ನು ಕೂಡಿಸಿಕೊಳ್ಳುತ್ತದೆ. ಬಂದ ಮೊತ್ತಕ್ಕೆ ತಕ್ಕ ಸೈನ್ ಬೆಲೆ ಮೆಮೊರಿಯ ಕೋಷ್ಟಕದಿಂದ ಸಿಗುತ್ತದೆ, ಡ್ಯಾಕ್ (ಡಿಜಿಟಲ್-ಅನಲಾಗ್ ಪರಿವರ್ತಕ) ಅದನ್ನು ವೋಲ್ಟೇಜ್ ಮಾಡುತ್ತದೆ. ಈ ವಿನ್ಯಾಸವನ್ನು 1971ರಲ್ಲಿ ಪ್ರಕಟಿಸಿದವರು ಟಿಯರ್ನಿ, ರೇಡರ್ ಮತ್ತು ಗೋಲ್ಡ್. ಕೇಳಿದ ಆವರ್ತಾಂಕದ ಜೊತೆ ಕೇಳದೆಯೂ ಬರುವ ಸ್ವರಗಳು, ಎಂಜಿನಿಯರುಗಳ ಬಾಯಲ್ಲಿ ‘ಸ್ಪರ್’, ಅಂದಿನಿಂದಲೂ ಅದರ ಬೆನ್ನು ಬಿಟ್ಟಿಲ್ಲ.

ಅಕ್ಯುಮ್ಯುಲೇಟರ್ 32 ಬಿಟ್ ಇದ್ದರೆ ಪೂರ್ಣ ಕೋಷ್ಟಕಕ್ಕೆ ಸುಮಾರು 429 ಕೋಟಿ ಮನೆಗಳು ಬೇಕು. ಅದು ಆಗದ ಮಾತು. ಮೇಲಿನ 14 ಬಿಟ್ ಮಾತ್ರ ಉಳಿಸಿಕೊಂಡು, ಸೈನ್ ಅಲೆಯ ಕಾಲು ಭಾಗವನ್ನಷ್ಟೇ ಬರೆದಿಟ್ಟರೆ 4,096 ಮನೆ ಸಾಕು. ಮಿಕ್ಕ ಮುಕ್ಕಾಲು ಅದರದೇ ಪ್ರತಿಬಿಂಬ. ಕತ್ತರಿಸಿ ಎಸೆದ ಬಿಟ್‌ಗಳಿಂದಾಗುವ ತಪ್ಪು ಚಿಕ್ಕದೇ. ಆದರೆ ಅದು ತಾಳ ತಪ್ಪದೆ ಮರುಕಳಿಸುತ್ತದೆ, ಹಾಗೆ ಮರುಕಳಿಸುವುದರಿಂದಲೇ ಸ್ವರವಾಗುತ್ತದೆ. ಉಳಿಸಿದ ಪ್ರತಿ ಬಿಟ್ಟಿಗೆ ಈ ಸ್ಪರ್ ಸುಮಾರು 6 ಡೆಸಿಬೆಲ್ ತಗ್ಗುತ್ತದೆ, 14ಕ್ಕೆ 84.

ಇದರ ನಿಖರ ಗಣಿತವನ್ನು 1987ರಲ್ಲಿ ಬಿಡಿಸಿಟ್ಟವರು ಹೆನ್ರಿ ನಿಕೋಲಸ್ ಮತ್ತು ಹೆನ್ರಿ ಸ್ಯಾಮ್ಯುಯೆಲಿ. 1991ರಲ್ಲಿ ಬ್ರಾಡ್‌ಕಾಮ್ ಕಂಪನಿ ಕಟ್ಟಿದ ಜೋಡಿಯೂ ಇವರೇ. ಅಕ್ಯುಮ್ಯುಲೇಟರಿಗೆ ಅವರು ಸೂಚಿಸಿದ ಸಣ್ಣ ತಿದ್ದುಪಡಿ ಅತಿ ಕೆಟ್ಟ ಸ್ಪರನ್ನು 3.9 ಡೆಸಿಬೆಲ್‌ನಷ್ಟು ಇಳಿಸಿತು.

ಇನ್ನೊಂದು ದಾರಿ ತಾಳವನ್ನೇ ಕೆಡಿಸುವುದು. ಬಿಟ್ ಕತ್ತರಿಸುವ ಮುನ್ನ ಯಾದೃಚ್ಛಿಕ ಸಂಖ್ಯೆಯೊಂದನ್ನು ಬೆರೆಸಿದರೆ ತಪ್ಪು ಮರುಕಳಿಸುವುದಿಲ್ಲ, ಚದುರಿ ತೆಳುವಾದ ಗದ್ದಲವಾಗುತ್ತದೆ. ಇದೇ ‘ಡಿದರ್’. ಹೀಗೆ ಮಾಡಿದಾಗ ಬಿಟ್ಟಿಗೆ 6ರ ಬದಲು 12 ಡೆಸಿಬೆಲ್ ಲಾಭವೆಂದು 1995ರಲ್ಲಿ ಫ್ಲಾನಗನ್ ಮತ್ತು ಝಿಮ್ಮರ್‌ಮನ್ ತೋರಿಸಿದರು. ಬೆಲೆಯೂ ಇದೆ: ಒಟ್ಟಾರೆ ಗದ್ದಲದ ಮಟ್ಟ ಏರುತ್ತದೆ.

ನಿಜವಾಗಿ ಹಟಮಾರಿಯಾದದ್ದು ಡ್ಯಾಕ್. ಅದರ ಸೊಟ್ಟತನದಿಂದ ಹಾರ್ಮೋನಿಕ್‌ಗಳು ಹುಟ್ಟುತ್ತವೆ, ಕ್ಲಾಕಿಗೆ ಬಡಿದು ಹಿಂದಕ್ಕೆ ಮಡಚಿಕೊಳ್ಳುತ್ತವೆ. ಕ್ಲಾಕ್ 100 ಮೆಗಾಹರ್ಟ್ಸ್, ಬೇಕಾದ ಸ್ವರ 30 ಎಂದಿಟ್ಟುಕೊಳ್ಳಿ. ಮೂರನೆಯ ಹಾರ್ಮೋನಿಕ್ 90ರಲ್ಲಿರಬೇಕು. ಅದರ ನೆರಳು 10ರಲ್ಲಿ ಬಂದು ಕೂರುತ್ತದೆ. ಮೂಲ ಸ್ವರದ ಪ್ರತಿಬಿಂಬವೂ 100ರಿಂದ 30 ಕಳೆದು 70ರಲ್ಲಿ ಬೀಳುತ್ತದೆ. ಲೋ-ಪಾಸ್ ಫಿಲ್ಟರ್ ಆ 70ನ್ನು ತಡೆದೀತು, 10ನ್ನು ಮುಟ್ಟಲಾರದು. ಕ್ಲಾಕಿನ ವೇಗ ಮತ್ತು ಸ್ವರ ಎರಡನ್ನೂ ನೋಡಿ, ನೆರಳು ಎಲ್ಲಿ ಬೀಳುತ್ತದೆಂದು ಮೊದಲೇ ಲೆಕ್ಕ ಹಾಕುವುದು ಅದಕ್ಕೇ ವಿನ್ಯಾಸಕಾರರ ಮೊದಲ ಕೆಲಸ.

ಇಂಥ ಹಾರ್ಮೋನಿಕ್ಕನ್ನು ಅಡಗಿಸಲು ಅನಲಾಗ್ ಡಿವೈಸಸ್‌ನ ಎಡಿ9912 ಚಿಪ್ ಎದುರಾಳಿ ಸ್ವರವನ್ನೇ ಹುಟ್ಟಿಸುತ್ತದೆ: ಹಾರ್ಮೋನಿಕ್ಕಿನಷ್ಟೇ ಬಲ, ಫೇಸ್ ಮಾತ್ರ ತಿರುವುಮುರುವು. ಎರಡೂ ಸೇರಿ ಅಡಗುತ್ತವೆ. ಆವರ್ತಾಂಕ ಬದಲಾದರೆ ಬಲ, ಫೇಸ್ ಎರಡರ ಅಂಕಿಗಳನ್ನೂ ಮತ್ತೆ ಹೊಂದಿಸಬೇಕಾಗುತ್ತದೆ.