ಬರೆಯದ ನಿಯಮಗಳು ಮುರಿದ ವರ್ಷ

ಬಾಸ್ಕೆಟ್‌ಬಾಲ್ ಆಟದ ನಿಯಮಾವಳಿಯನ್ನು ನೀವು ಎಂದಾದರೂ ತಿರುವಿ ಹಾಕಿದ್ದರೆ, ಅಂಗಳದ ಉದ್ದಗಲ, ಬುಟ್ಟಿಯ ಎತ್ತರ, ಆಟಗಾರನ ತಪ್ಪುಗಳ ಎಣಿಕೆ ಎಲ್ಲವನ್ನೂ ಅಲ್ಲಿ ಸ್ಪಷ್ಟವಾಗಿ ಬರೆದಿರುವುದನ್ನು ಗಮನಿಸಿರುತ್ತೀರಿ. 1960ರ ದಶಕದ ಆರಂಭದಲ್ಲಿ ಅಮೆರಿಕದ ಕಾಲೇಜು ತಂಡಗಳಿಗೆ ಇವುಗಳ ಜೊತೆಗೆ ಇನ್ನೆರಡು ನಿಯಮಗಳಿದ್ದವು. ಅವು ಯಾವ ಪುಸ್ತಕದಲ್ಲೂ ಇರಲಿಲ್ಲ, ಆದರೆ ತರಬೇತುದಾರರಿಗೆಲ್ಲ ಬಾಯಿಪಾಠವಾಗಿದ್ದವು. ಕಪ್ಪು ಜನಾಂಗದ ಇಬ್ಬರನ್ನೋ ಹೆಚ್ಚೆಂದರೆ ಮೂವರನ್ನೋ ಮಾತ್ರ ಏಕಕಾಲದಲ್ಲಿ ಅಂಗಳಕ್ಕಿಳಿಸಬೇಕು ಎಂಬುದು ಒಂದು. ದಕ್ಷಿಣದ ಮಿಸಿಸಿಪಿ ರಾಜ್ಯದ್ದು ಇನ್ನೂ ಕಠೋರವಾದದ್ದು. ಅಲ್ಲಿನ ಬಿಳಿಯರ ವಿಶ್ವವಿದ್ಯಾನಿಲಯಗಳ ತಂಡಗಳು ಕಪ್ಪು ಆಟಗಾರರಿರುವ ಯಾವ ತಂಡದೊಂದಿಗೂ ಆಡಕೂಡದು ಎಂಬುದು ಅದು. ಬರೆದ ಕಾನೂನನ್ನಾದರೆ ನ್ಯಾಯಾಲಯದಲ್ಲಿ ಪ್ರಶ್ನಿಸಬಹುದು. ಬರೆಯದೇ ಇರುವುದನ್ನು ಪ್ರಶ್ನಿಸುವುದಾದರೂ ಎಲ್ಲಿ?

1962-63ರ ಒಂದೇ ಋತುವಿನಲ್ಲಿ ಈ ಎರಡೂ ನಿಯಮಗಳು ಮುರಿದವು. ಮೊದಲನೆಯದನ್ನು ಮುರಿದದ್ದು ಷಿಕಾಗೋ ನಗರದ ಲೊಯೊಲ ವಿಶ್ವವಿದ್ಯಾನಿಲಯದ ತಂಡ. ನಮ್ಮ ಮಂಗಳೂರಿನ ಸಂತ ಅಲೋಶಿಯಸ್ ಕಾಲೇಜನ್ನು ಸ್ಥಾಪಿಸಿದ ಯೇಸು ಸಭೆಯ ಪಾದ್ರಿಗಳದೇ ಈ ಸಂಸ್ಥೆ. ತರಬೇತುದಾರ ಜಾರ್ಜ್ ಐರ್ಲೆಂಡ್ ಆರಂಭದಲ್ಲಿ ಇಳಿಸುತ್ತಿದ್ದ ಐವರಲ್ಲಿ ನಾಲ್ವರು ಕಪ್ಪು ಜನಾಂಗದವರು. ನಾಯಕ ಜೆರಿ ಹಾರ್ಕ್‌ನೆಸ್ ಮತ್ತು ರಾನ್ ಮಿಲ್ಲರ್ ನ್ಯೂಯಾರ್ಕಿನವರು. ಲೆಸ್ ಹಂಟರ್, ವಿಕ್ ರೌಸ್ ಇಬ್ಬರೂ ನ್ಯಾಷ್‌ವಿಲ್ಲಿನ ಪರ್ಲ್ ಎಂಬ ಕಪ್ಪು ಮಕ್ಕಳ ಪ್ರೌಢಶಾಲೆಯಿಂದ ಬಂದವರು (ಈ ಶಾಲೆಯ ಹೆಸರು ನೆನಪಿರಲಿ, ಮುಂದೆ ಬರುತ್ತದೆ). ಐದನೆಯವನು ಷಿಕಾಗೋದವನೇ ಆದ ಬಿಳಿಯ ಹುಡುಗ ಜಾನ್ ಈಗನ್. 1962ರ ಡಿಸೆಂಬರಿನಲ್ಲಿ ವಯೋಮಿಂಗ್ ವಿಶ್ವವಿದ್ಯಾನಿಲಯದ ವಿರುದ್ಧ ಆಡುವಾಗ ಐರ್ಲೆಂಡ್ ಒಂದು ಹಂತದಲ್ಲಿ ಐವರೂ ಕಪ್ಪು ಆಟಗಾರರನ್ನೇ ಅಂಗಳದಲ್ಲಿರಿಸಿದರು.

ಇದರ ಬೆಲೆಯನ್ನು ತೆತ್ತವರು ಹುಡುಗರು. ಹೂಸ್ಟನ್ನಿನಲ್ಲಿ ಆಡಿದ ದಿನ ಪ್ರೇಕ್ಷಕರು ಬೈಗುಳದ ಜೊತೆಗೆ ಕೈಗೆ ಸಿಕ್ಕಿದ್ದನ್ನೆಲ್ಲ ಅವರ ಮೇಲೆ ಎಸೆದರು. ಹಾರ್ಕ್‌ನೆಸ್‌ಗೆ ವಿದ್ಯಾರ್ಥಿನಿಲಯದ ವಿಳಾಸಕ್ಕೇ ಕು ಕ್ಲಕ್ಸ್ ಕ್ಲಾನಿನ ಬೆದರಿಕೆಯ ಪತ್ರಗಳು ಬಂದವು.

ಈಗ ಮಿಸಿಸಿಪಿಗೆ ಬರೋಣ. ಸ್ಟಾರ್ಕ್‌ವಿಲ್ ಎಂಬ ಸಣ್ಣ ಊರಿನ ಮಿಸಿಸಿಪಿ ಸ್ಟೇಟ್ ವಿಶ್ವವಿದ್ಯಾನಿಲಯದ ತಂಡ ಆ ಕಾಲದ ಬಲಿಷ್ಠ ತಂಡಗಳಲ್ಲೊಂದು. ಬೇಬ್ ಮೆಕಾರ್ಥಿ ಅದರ ತರಬೇತುದಾರ. 1959, 1961, 1962 ಈ ಮೂರು ವರ್ಷಗಳಲ್ಲೂ ಅದು ತನ್ನ ವಲಯದಲ್ಲಿ ಅಗ್ರಸ್ಥಾನ ಪಡೆದು ರಾಷ್ಟ್ರೀಯ ಪಂದ್ಯಾವಳಿಗೆ ಅರ್ಹವಾಗಿತ್ತು. ಮೂರು ಸಲವೂ ಮನೆಯಲ್ಲೇ ಉಳಿಯಿತು. ಗೆದ್ದೂ ಸೋತವರಂತೆ ಕೂತ ಆ ಹುಡುಗರ ಮನಸ್ಸು ಹೇಗಿದ್ದಿರಬೇಕು, ನೀವೇ ಊಹಿಸಿಕೊಳ್ಳಿ. ಬೇರೆಯವರನ್ನು ಹೊರಗಿಡಲು ಕಟ್ಟಿದ ಗೋಡೆ ಕಟ್ಟಿದವರ ಮಕ್ಕಳನ್ನೇ ಒಳಗೆ ಕೂಡಿಹಾಕಿತ್ತು.

1963ರಲ್ಲಿ ನಾಲ್ಕನೆಯ ಬಾರಿ ಅರ್ಹತೆ ದೊರೆಯಿತು. ಕಾಲ ಮಾತ್ರ ತೀರ ಕೆಟ್ಟದ್ದು. ಹಿಂದಿನ ಶರತ್ಕಾಲದಲ್ಲಷ್ಟೇ ಅದೇ ರಾಜ್ಯದ ಆಕ್ಸ್‌ಫರ್ಡ್ ಊರಿನ ವಿಶ್ವವಿದ್ಯಾನಿಲಯಕ್ಕೆ ಜೇಮ್ಸ್ ಮೆರೆಡಿತ್ ಎಂಬ ಕಪ್ಪು ವಿದ್ಯಾರ್ಥಿ ಸೇರುವಾಗ ದೊಡ್ಡ ಗಲಭೆಯಾಗಿ ಇಬ್ಬರು ಸತ್ತಿದ್ದರು, ಕೇಂದ್ರ ಸರ್ಕಾರ ಸೈನ್ಯವನ್ನೇ ಕಳಿಸಬೇಕಾಗಿ ಬಂದಿತ್ತು. ಆ ಪ್ರವೇಶವನ್ನು ತಡೆಯಲು ನಿಂತಿದ್ದ ಗವರ್ನರ್ ರಾಸ್ ಬಾರ್ನೆಟ್ ಇನ್ನೂ ಅಧಿಕಾರದಲ್ಲಿದ್ದರು. ಇಂಥ ಹೊತ್ತಿನಲ್ಲಿ ಮಾರ್ಚ್ 2ರಂದು ವಿಶ್ವವಿದ್ಯಾನಿಲಯದ ಅಧ್ಯಕ್ಷ ಡೀನ್ ಕೋಲ್ವರ್ಡ್ ತಂಡವನ್ನು ಕಳಿಸುವುದಾಗಿ ಪ್ರಕಟಿಸಿದರು. (ಡೀನ್ ಎಂಬುದು ಇಲ್ಲಿ ಹುದ್ದೆಯಲ್ಲ, ಅವರ ಹೆಸರೇ ಅದು.) ಅವರು ಉತ್ತರ ಕೆರೊಲಿನಾದಿಂದ ಬಂದ ಕೃಷಿ ವಿಜ್ಞಾನದವರು. ಸದ್ದುಗದ್ದಲವಿಲ್ಲದೆ ಒಂದು ಪ್ರಕಟಣೆ ಹೊರಡಿಸಿದರು, ಅಷ್ಟೆ. ಆ ಋತುವಿನಲ್ಲಿ ನಿಜವಾದ ಧೈರ್ಯ ಬೇಕಾದ ಕೆಲಸಗಳಲ್ಲಿ ಇದೂ ಒಂದೆಂದು ನನ್ನ ಭಾವನೆ.

ಮಾರ್ಚ್ 13ರಂದು ಬಿಲ್ಲಿ ಮಿಟ್ಸ್ ಎಂಬ ರಾಜ್ಯದ ಸೆನೆಟ್ ಸದಸ್ಯರೂ ಒಬ್ಬ ಮಾಜಿ ಸದಸ್ಯರೂ ನ್ಯಾಯಾಲಯದಿಂದ ತಡೆಯಾಜ್ಞೆ ತಂದರು. ತಡೆಯಾಜ್ಞೆಯ ಸಂಗತಿ ನಿಮಗೂ ಗೊತ್ತಿರುವಂಥದೇ: ಕಾಗದ ಸಂಬಂಧಪಟ್ಟವರ ಕೈಗೆ ತಲುಪಬೇಕು. ತಲುಪುವ ಮೊದಲೇ ರಾಜ್ಯದ ಗಡಿ ದಾಟಿದರೆ? ಕೋಲ್ವರ್ಡ್ ನೆರೆಯ ಅಲಬಾಮಾಕ್ಕೆ ಹೊರಟುಹೋದರು. ಮೆಕಾರ್ಥಿಯವರು ರಾತ್ರೋರಾತ್ರಿ ಕಾರಿನಲ್ಲಿ ಟೆನೆಸೀ ರಾಜ್ಯದ ಮೆಂಫಿಸ್ ತಲುಪಿ, ಅಲ್ಲಿಂದ ವಿಮಾನದಲ್ಲಿ ನ್ಯಾಷ್‌ವಿಲ್ಲಿಗೆ ಹೋದರು. ಮರುದಿನ ಬೆಳಿಗ್ಗೆ, ಪೊಲೀಸರು ಕಾಯುತ್ತಿದ್ದಾರೋ ಇಲ್ಲವೋ ನೋಡಿಬರಲೆಂದು ಮುಖ್ಯ ಆಟಗಾರರಲ್ಲದ ಹುಡುಗರನ್ನು ವಿಮಾನ ನಿಲ್ದಾಣಕ್ಕೆ ಮುಂದಾಗಿ ಕಳಿಸಲಾಯಿತು. ನಿಜವಾದ ತಂಡ ವಿದ್ಯಾರ್ಥಿನಿಲಯದಲ್ಲಿ ಅಡಗಿ ಕುಳಿತಿತ್ತು. ದಾರಿ ಸುಗಮವಿದೆಯೆಂದು ಖಚಿತವಾದ ಮೇಲೆ ಅವರೂ ಬಂದು ವಿಮಾನ ಹತ್ತಿದರು, ನ್ಯಾಷ್‌ವಿಲ್ಲಿನಲ್ಲಿ ತಮ್ಮ ಗುರುವನ್ನು ಹತ್ತಿಸಿಕೊಂಡು ಉತ್ತರದತ್ತ ಹಾರಿದರು. ಆಟವಾಡಲು ಹೊರಟ ವಿದ್ಯಾರ್ಥಿಗಳು ತಲೆತಪ್ಪಿಸಿಕೊಂಡವರಂತೆ ಊರು ಬಿಡಬೇಕಾಯಿತು! ರಾಜ್ಯದ ಶ್ರೇಷ್ಠ ನ್ಯಾಯಾಲಯದ ನ್ಯಾಯಮೂರ್ತಿಯೊಬ್ಬರು ಅದೇ ದಿನ ತಡೆಯಾಜ್ಞೆಯನ್ನು ಅಮಾನತಿನಲ್ಲಿಟ್ಟರು.

ಅಲ್ಲಿ ಎದುರಾಳಿಯಾಗಿ ಕಾಯುತ್ತಿದ್ದದ್ದು ಲೊಯೊಲ. ಮೊದಲ ಸುತ್ತಿನಲ್ಲಿ ಟೆನೆಸೀ ಟೆಕ್ ತಂಡವನ್ನು 111-42ರಿಂದ ಬಡಿದು ಬಂದಿದ್ದ ತಂಡ ಅದು. 1963ರ ಮಾರ್ಚ್ 15ರ ರಾತ್ರಿ, ಮಿಷಿಗನ್ ರಾಜ್ಯದ ಈಸ್ಟ್ ಲ್ಯಾನ್ಸಿಂಗ್‌ನಲ್ಲಿ, ಆಟಕ್ಕೆ ಮುನ್ನ ಇಬ್ಬರು ನಾಯಕರು ಅಂಗಳದ ನಡುವೆ ಬಂದು ಕೈಕುಲುಕಿದರು: ಹಾರ್ಕ್‌ನೆಸ್ ಮತ್ತು ಮಿಸಿಸಿಪಿಯ ಜೋ ಡ್ಯಾನ್ ಗೋಲ್ಡ್. ಎಲ್ಲ ಪಂದ್ಯಗಳಲ್ಲೂ ನಡೆಯುವ ಉಪಚಾರವೇ ಅದು. ಆದರೆ ಛಾಯಾಗ್ರಾಹಕರ ದೀಪಗಳು ಒಂದೇ ಸಮನೆ ಮಿಂಚಿದವು. 2011ರಲ್ಲಿ ಗೋಲ್ಡ್ ತೀರಿಕೊಂಡಾಗ ಅಂತ್ಯಕ್ರಿಯೆಗೆ ಹೋದ ಹಾರ್ಕ್‌ನೆಸ್‌ಗೆ ಶವಪೆಟ್ಟಿಗೆಯ ಬಳಿ ಕಂಡದ್ದು ಆ ರಾತ್ರಿಯ ಅದೇ ಚಿತ್ರ. ಹಾರ್ಕ್‌ನೆಸ್ 2021ರಲ್ಲಿ ತೀರಿಕೊಂಡರು.

ಪಂದ್ಯದ ಬಗ್ಗೆ ಹೇಳುವುದು ಹೆಚ್ಚಿಲ್ಲ. ಮಿಸಿಸಿಪಿಯವರು ಮೊದಲಿಗೆ 7-0 ಮುಂದಿದ್ದರು, ಕೊನೆಗೆ ಲೊಯೊಲ 61-51ರಿಂದ ಗೆದ್ದಿತು. ಕೈಕೈ ಮಿಲಾಯಿಸಲಿಲ್ಲ, ಕೆಟ್ಟ ಮಾತು ಬರಲಿಲ್ಲ. ಅಂದಿನ ಸುದ್ದಿ ಅದೇ.

ಲೊಯೊಲ ಮುಂದೆ ಇಲಿನಾಯ್ ಮತ್ತು ಡ್ಯೂಕ್ ತಂಡಗಳನ್ನು ಸೋಲಿಸಿ ಮಾರ್ಚ್ 23ರಂದು ಲೂಯಿವಿಲ್‌ನಲ್ಲಿ ಅಂತಿಮ ಪಂದ್ಯಕ್ಕೆ ಬಂತು. ಎದುರಿಗೆ ಸಿನ್ಸಿನಾಟಿ, ಹಿಂದಿನ ಎರಡು ವರ್ಷಗಳ ವಿಜೇತರು. ಅವರ ಐವರಲ್ಲೂ ಮೂವರು ಕಪ್ಪು ಆಟಗಾರರು. ಅಂದರೆ ಆಟ ಆರಂಭಿಸಿದ ಹತ್ತು ಮಂದಿಯಲ್ಲಿ ಏಳು ಮಂದಿ. ದ್ವಿತೀಯಾರ್ಧದಲ್ಲಿ ಸಿನ್ಸಿನಾಟಿ 15 ಅಂಕ ಮುಂದಿತ್ತು. ಇಷ್ಟು ಸೆಕೆಂಡಿನೊಳಗೆ ಚೆಂಡನ್ನು ಬುಟ್ಟಿಗೆ ಎಸೆಯಲೇಬೇಕೆಂಬ ಗಡಿಯಾರದ ಕಟ್ಟಳೆ ಕಾಲೇಜು ಆಟದಲ್ಲಿ ಆಗ ಇರಲಿಲ್ಲ. ಮುಂದಿದ್ದ ತಂಡ ಚೆಂಡನ್ನು ತನ್ನಲ್ಲೇ ಸುತ್ತಾಡಿಸಿ ಹೊತ್ತು ಕಳೆಯಬಹುದಿತ್ತು. ಸಿನ್ಸಿನಾಟಿ ಹಾಗೇ ಮಾಡಹೋಗಿ ತನ್ನ ಲಯವನ್ನೇ ಕಳೆದುಕೊಂಡಿತು. ಲೊಯೊಲದವರು ಮೈಮೇಲೆ ಬಿದ್ದಂತೆ ಒತ್ತಿ ಆಡಿ ಚೆಂಡು ಕಸಿದರು. 12 ಸೆಕೆಂಡು ಉಳಿದಿರುವಾಗ ಸಿನ್ಸಿನಾಟಿಯ ಒಂದು ದಂಡದ ಎಸೆತ ತಪ್ಪಿತು, ಹಾರ್ಕ್‌ನೆಸ್ ಓಡಿಬಂದು 54-54ಕ್ಕೆ ಸಮ ಮಾಡಿದರು. ಹೆಚ್ಚುವರಿ ಅವಧಿ 58-58ರಲ್ಲಿ ಮುಗಿಯುವಂತಿತ್ತು. ಹಂಟರ್ ಎಸೆದ ಚೆಂಡು ಬುಟ್ಟಿಯ ಅಂಚಿಗೆ ಬಡಿದು ಬಂತು. ರೌಸ್ ನೆಗೆದು ಅದನ್ನು ಒಳಗೆ ಹಾಕಿದರು. 60-58. ಅಂದು ಲೊಯೊಲದ ಗುರಿ ಏನೂ ಚೆನ್ನಾಗಿರಲಿಲ್ಲ, 84 ಎಸೆತಗಳಲ್ಲಿ ಬಿದ್ದದ್ದು 23. ಆದರೆ 45 ನಿಮಿಷವೂ ಅದೇ ಐವರು, ಒಬ್ಬರನ್ನೂ ಬದಲಿಸದೆ ಆಡಿದರು.

ಇಲ್ಲಿಗೆ ನಿಲ್ಲಿಸಿದರೆ ಕಥೆ ಸುಖಾಂತವಾಗುತ್ತದೆ, ಇತಿಹಾಸವಾಗುವುದಿಲ್ಲ. ಮೂರೇ ತಿಂಗಳಲ್ಲಿ, ಜೂನ್ 12ರಂದು, ಮಿಸಿಸಿಪಿಯ ರಾಜಧಾನಿ ಜಾಕ್ಸನ್‌ನಲ್ಲಿ ನಾಗರಿಕ ಹಕ್ಕುಗಳ ಮುಂದಾಳು ಮೆಡ್ಗರ್ ಎವರ್ಸ್‌ರನ್ನು ಅವರ ಮನೆಯ ಬಾಗಿಲಲ್ಲೇ ಗುಂಡಿಟ್ಟು ಕೊಲ್ಲಲಾಯಿತು. ಮಿಸಿಸಿಪಿ ಸ್ಟೇಟ್‌ಗೆ ಮೊದಲ ಕಪ್ಪು ವಿದ್ಯಾರ್ಥಿಯಾಗಿ ರಿಚರ್ಡ್ ಹೋಮ್ಸ್ ಸೇರಿದ್ದು 1965ರಲ್ಲಿ. ಆ ದಕ್ಷಿಣ ವಲಯದ ತಂಡವೊಂದರಲ್ಲಿ ಕಪ್ಪು ಆಟಗಾರ ಆಡುವುದಕ್ಕೆ ಇನ್ನೂ ಎರಡು ವರ್ಷ ಕಾಯಬೇಕಾಯಿತು. ಅವರು ವ್ಯಾಂಡರ್‌ಬಿಲ್ಟ್ ವಿಶ್ವವಿದ್ಯಾನಿಲಯದ ಪೆರಿ ವ್ಯಾಲೇಸ್, ಹಂಟರ್ ಮತ್ತು ರೌಸ್ ಓದಿದ ಅದೇ ಪರ್ಲ್ ಶಾಲೆಯ ಹುಡುಗ. 1967ರಲ್ಲಿ, ಮೊದಲ ವರ್ಷದವರ ತಂಡದೊಂದಿಗೆ ಅವರು ಸ್ಟಾರ್ಕ್‌ವಿಲ್ಲಿಗೂ ಆಡಲು ಹೋದರು. ಪ್ರೇಕ್ಷಕರ ಬೈಗುಳ ಎಷ್ಟಿತ್ತೆಂದರೆ, ವಿರಾಮದಲ್ಲಿ ವ್ಯಾಲೇಸ್ ಮತ್ತು ತಂಡದ ಇನ್ನೊಬ್ಬ ಕಪ್ಪು ಹುಡುಗ ಗಾಡ್‌ಫ್ರೇ ಡಿಲ್ಲಾರ್ಡ್ ಪರಸ್ಪರ ಕೈ ಹಿಡಿದುಕೊಂಡು ಕುಳಿತಿದ್ದರು. ದ್ವಿತೀಯಾರ್ಧಕ್ಕೆ ಇಬ್ಬರೂ ಮತ್ತೆ ಅಂಗಳಕ್ಕಿಳಿದರು.